ಗಿಡಕ್ಕೂ ಮೊದಲು ಖಾಲಿ ಬಾಟಲಿ

ಅಂಗಾಂಶ ಕೃಷಿ, ಅಂದರೆ ಗಿಡದ ಸಣ್ಣ ತುಂಡನ್ನು ಬಾಟಲಿಯಲ್ಲಿ ಬೆಳೆಸುವುದನ್ನು, ಕಲಿಯಬೇಕೆನ್ನುವ ಪುಣೆಯ ಕನ್ನಡಿಗರು ಮೊದಲು ಕೇಳುವುದು ಹಾರ್ಮೋನಿನ ಲೆಕ್ಕ. ಅದು ಆಮೇಲಿನ ಮಾತು. ಮೊದಲ ವಾರ ಬಾಟಲಿಯಲ್ಲಿ ಗಿಡವೇ ಬೇಡ.

ಮಾಧ್ಯಮಕ್ಕೆ, ಅಂದರೆ ಬಾಟಲಿಯಲ್ಲಿ ಗಿಡಕ್ಕೆ ಕೊಡುವ ಪೋಷಕಾಂಶಕ್ಕೆ, ಮುರಾಶಿಗೆ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು 1962ರಲ್ಲಿ ಕೊಟ್ಟ ಎಂಎಸ್ ಸೂತ್ರವೇ ಸಾಕು. 1 ಲೀಟರ್ ಡಿಸ್ಟಿಲ್ಡ್ ನೀರಿಗೆ ವಿಟಮಿನ್ ಸೇರಿದ ಎಂಎಸ್ ಪುಡಿ 4.4 ಗ್ರಾಂ, ಸಕ್ಕರೆ 30 ಗ್ರಾಂ. ಪಿಎಚ್ (ಹುಳಿಯ ಅಳತೆ) 5.8ಕ್ಕೆ ತಂದು, ಗಟ್ಟಿಯಾಗಲು 8 ಗ್ರಾಂ ಅಗರ್ ಪುಡಿ ಹಾಕಿ ಕುದಿಸಿ. ಪಿಎಚ್ 5ಕ್ಕಿಂತ ಇಳಿದರೆ ಅಗರ್ ಸರಿಯಾಗಿ ಗಟ್ಟಿಯಾಗದು. ಬಾಟಲಿಗೆ 40 ಮಿಲಿಯಂತೆ ಹಾಕಿದರೆ 25 ಬಾಟಲಿ.

ಸೂಕ್ಷ್ಮಜೀವಿಗಳು ಸಾಯಲು ಬಾಟಲಿಗಳನ್ನು ಕುಕ್ಕರಿನಲ್ಲಿ ಬೇಯಿಸುವಾಗ ಕೂಗು ಎಣಿಸಬೇಡಿ. ಮುಚ್ಚಳಗಳನ್ನು ಸಡಿಲವಾಗಿಟ್ಟು, ಆವಿ ಐದು ನಿಮಿಷ ಜೋರಾಗಿ ಹೊರಬಂದ ಮೇಲೆ ವೇಟ್ ಇಡಿ. ಒಳಗೆ ಗಾಳಿ ಉಳಿದರೆ 15 ಪೌಂಡ್ ಒತ್ತಡವಿದ್ದರೂ 121 ಡಿಗ್ರಿ ತಲುಪುವುದಿಲ್ಲ. ಒತ್ತಡ ಬಂದಮೇಲೆ ಸಣ್ಣ ಉರಿಯಲ್ಲಿ 20 ನಿಮಿಷ. ಪುಣೆ ಸುಮಾರು 560 ಮೀಟರ್ ಎತ್ತರದಲ್ಲಿರುವುದರಿಂದ ಇನ್ನೊಂದೆರಡು ನಿಮಿಷ ಸೇರಿಸಿ. ಆರುವ ಮೊದಲೇ ವೇಟ್ ಎತ್ತಿದರೆ ಮಾಧ್ಯಮ ಉಕ್ಕಿ ಚೆಲ್ಲುತ್ತದೆ.

ಈಗ ಪರೀಕ್ಷೆ. ಹತ್ತು ಬಾಟಲಿ ಮುಟ್ಟದೆ ಇಡಿ. ಇನ್ನು ಹತ್ತನ್ನು, ಫ್ಯಾನ್ ಆರಿಸಿ, ಸ್ಪಿರಿಟ್ಟಿನಿಂದ ಒರೆಸಿದ ಪಾರದರ್ಶಕ ಪ್ಲಾಸ್ಟಿಕ್ ಡಬ್ಬದೊಳಗೆ ಒಂದು ನಿಮಿಷ ತೆರೆದು, ಚಿಮುಟ ಆಡಿಸಿ ಮುಚ್ಚಿ. (ಡಬ್ಬದೊಳಗೆ ದೀಪ ಹಚ್ಚಬೇಡಿ, ಸ್ಪಿರಿಟ್ ಆವಿಗೆ ಬೆಂಕಿ ಹೊತ್ತುತ್ತದೆ. ಚಿಮುಟ, ಬ್ಲೇಡುಗಳನ್ನು ಫಾಯಿಲ್ ಸುತ್ತಿ ಕುಕ್ಕರಿನಲ್ಲೇ ಬೇಯಿಸಿ.) ಏಳು ದಿನ ಕಾಯಿರಿ. ಮುಟ್ಟದವು ಬೂಷ್ಟು ಹಿಡಿದರೆ ತಪ್ಪು ಕುಕ್ಕರಿನದು ಇಲ್ಲವೇ ಮುಚ್ಚಳದ್ದು. ತೆರೆದವು ಮಾತ್ರ ಕೆಟ್ಟರೆ ಕೈಯದು. ಎರಡೂ ಸ್ವಚ್ಛವಾಗಿದ್ದು ಮುಂದೆ ಗಿಡ ಇಟ್ಟವು ಕೆಟ್ಟರೆ ಗಿಡದ ತುಂಡು ತೊಳೆದದ್ದು ಸಾಲದು. ನೇರ ಗಿಡ ಇಟ್ಟವರಿಗೆ ಈ ಮೂರರಲ್ಲಿ ಯಾವುದೆಂದು ಗೊತ್ತೇ ಆಗುವುದಿಲ್ಲ.

ಮೊದಲ ಗಿಡ ಸೇವಂತಿಗೆಯಾಗಲಿ. ಬಾಳೆ ಬೇಡ, ಕತ್ತರಿಸಿದಲ್ಲಿ ಕಪ್ಪಾಗಿ ಹೊಸಬರನ್ನು ಹೆದರಿಸುತ್ತದೆ. ಒಂದು ಗಿಣ್ಣಿರುವ ತುಂಡನ್ನು ಹರಿಯುವ ನೀರಿನಲ್ಲಿ ಅರ್ಧ ಗಂಟೆ ಬಿಡಿ. 70% ಆಲ್ಕೋಹಾಲಿನಲ್ಲಿ 30 ಸೆಕೆಂಡ್, ಬಳಿಕ ಒಂದು ಹನಿ ಪಾತ್ರೆ ಸೋಪು ಬೆರೆಸಿದ 1% ಸೋಡಿಯಂ ಹೈಪೋಕ್ಲೋರೈಟಿನಲ್ಲಿ (ಬ್ಲೀಚ್ ದ್ರಾವಣ) 10 ನಿಮಿಷ. 4% ದ್ರಾವಣವಾದರೆ ಒಂದು ಪಾಲಿಗೆ ಮೂರು ಪಾಲು ನೀರು. ಬೇಯಿಸಿ ಆರಿಸಿದ ನೀರಿನಲ್ಲಿ ಮೂರು ಬಾರಿ ತೊಳೆದು, ಬಿಳಚಿದ ತುದಿ ಕತ್ತರಿಸಿ ನೆಡಿ.

ಹತ್ತಿಯಂಥ ಎಳೆ ಬಂದರೆ ಶಿಲೀಂಧ್ರ. ಬುಡದ ಸುತ್ತ ಹಾಲಿನಂಥ ಲೋಳೆಯಾದರೆ ಬ್ಯಾಕ್ಟೀರಿಯಾ. ಲೋಳೆ ಎರಡು ಮೂರು ವಾರ ತಡೆದು ಕಾಣಿಸಿದರೆ ಅದು ಹೆಚ್ಚಾಗಿ ಗಿಡದ ಒಳಗಿನದೇ, ಹೊರಗೆ ಎಷ್ಟು ತೊಳೆದರೂ ಹೋಗದು, ತಾಯಿಗಿಡ ಬದಲಿಸಿ. ಕೆಟ್ಟ ಬಾಟಲಿಯನ್ನು ಮುಚ್ಚಳ ತೆಗೆಯದೆ ಇನ್ನೊಮ್ಮೆ ಕುಕ್ಕರಿಗೆ ಹಾಕಿ, ಆಮೇಲೆ ಚೆಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯಲ್ಲಿ ನೆನೆದ ಗಿಡ ಬೇಡವೇ ಬೇಡ. ಎರಡು ವಾರ ಸೂರಿನಡಿ ಇಟ್ಟು, ಎಲೆಗೆ ತಾಗದಂತೆ ಬುಡಕ್ಕಷ್ಟೇ ನೀರು ಹಾಕಿ.

ಹಾರ್ಮೋನು? ಸೈಟೊಕೈನಿನ್ ಹೆಚ್ಚಾದರೆ ಚಿಗುರು, ಆಕ್ಸಿನ್ ಹೆಚ್ಚಾದರೆ ಬೇರು. ಸ್ಕೂಗ್ ಮತ್ತು ಮಿಲ್ಲರ್ 1957ರಲ್ಲೇ ತೋರಿಸಿದ್ದು. ಲೀಟರಿಗೆ 1 ಮಿಲಿಗ್ರಾಂ ಬಿಎಪಿ ಎಂಬ ಸೈಟೊಕೈನಿನ್‌ನಿಂದ ಶುರುಮಾಡಿ. ಎಲೆ ಗಾಜಿನಂತೆ ನೀರುನೀರಾದರೆ ಅದನ್ನು ಇಳಿಸಿ. ಸೇವಂತಿಗೆ ಪುಡಿ ಅರ್ಧಕ್ಕಿಳಿಸಿದ ಎಂಎಸ್‌ನಲ್ಲಿ ಹಾರ್ಮೋನಿಲ್ಲದೆಯೂ ಬೇರು ಬಿಡುತ್ತದೆ. ಹೊರತೆಗೆದಾಗ ಅಗರ್ ಪೂರ್ತಿ ತೊಳೆದು ಕೊಕೊಪೀಟಿನಲ್ಲಿಟ್ಟು ಪ್ಲಾಸ್ಟಿಕ್ ಹೊದಿಸಿ, ಎರಡು ಮೂರು ವಾರಗಳಲ್ಲಿ ದಿನಕ್ಕಿಷ್ಟಿಷ್ಟೇ ತೆರೆಯಿರಿ. ಬಾಟಲಿಯಲ್ಲಿ ಬೆಳೆದ ಎಲೆಗೆ ಮೇಣದ ಪದರ ತೆಳು, ಒಮ್ಮೆಲೇ ತೆರೆದರೆ ಸಂಜೆಯೊಳಗೆ ಬಾಡುತ್ತದೆ.