ಬೆಂಗಳೂರಿನ ಮನೆಗಳಿಗೆ ‘ಮರದ ನೆಲ’ ಬಂದ ದಾರಿ, ಮತ್ತು ಆ ದಾರಿಯಲ್ಲಿ ಮರ ಕಡಿಮೆಯಾದ ಕಥೆ

ಬೆಂಗಳೂರಿನ ಯಾವುದಾದರೂ ಫ್ಲೋರಿಂಗ್ ಅಂಗಡಿಗೆ ಹೋಗಿ ವುಡನ್ ಫ್ಲೋರಿಂಗ್ ತೋರಿಸಿ ಅಂತ ಕೇಳಿ. ಕನಿಷ್ಠ ನಾಲ್ಕು ತರಹದ ಸಾಮಾನು ಮುಂದೆ ಬರುತ್ತದೆ. ಒಂದು ಪೂರ್ತಿ ಮರದ್ದು. ಇನ್ನೊಂದರಲ್ಲಿ ಮೇಲೆ ತೆಳುವಾಗಿ ಸೀಳಿದ ನಿಜವಾದ ಮರ, ಕೆಳಗೆ ಪ್ಲೈವುಡ್. ಇದನ್ನು ಎಂಜಿನಿಯರ್ಡ್ ವುಡ್ ಅನ್ನುತ್ತಾರೆ. ಮೂರನೆಯದು ಲ್ಯಾಮಿನೇಟ್, ಅಂದರೆ ಮರದ ನಾರನ್ನು ಒತ್ತಿ ಮಾಡಿದ ಹಲಗೆಯ ಮೇಲೆ ಮರದ ಚಿತ್ರ. ನಾಲ್ಕನೆಯದು ಎಸ್‌ಪಿಸಿ. ಅದರಲ್ಲಿ ಮರವೇ ಇಲ್ಲ, ಸುಣ್ಣಕಲ್ಲಿನ ಪುಡಿ ಮತ್ತು ಪಿವಿಸಿ. ನಾಲ್ಕು ಹೆಜ್ಜೆ ದೂರದಿಂದ ನೋಡಿದರೆ ಎಲ್ಲವೂ ಒಂದೇ. ರೇಟಿನಲ್ಲಿ ಮಾತ್ರ ದೊಡ್ಡ ವ್ಯತ್ಯಾಸ. ಈ ಗೊಂದಲ ಸುಮ್ನೆ ಹುಟ್ಟಿದ್ದಲ್ಲ, ಇದರ ಹಿಂದೆ ಸುಮಾರು ಐವತ್ತು ವರ್ಷಗಳ ಪೈಪೋಟಿ ಇದೆ.

ಮೊದಲು ನಮ್ಮ ಊರಿನ ವಿಷಯ ನೋಡೋಣ. ಮರದ ನೆಲ ನಮಗೆ ಹೊಸದೇನಲ್ಲ, ಆದರೆ ಅದು ಇರುತ್ತಿದ್ದದ್ದು ಮಹಡಿಯಲ್ಲಿ. ಕೆ.ಆರ್. ಮಾರ್ಕೆಟ್ ಹತ್ತಿರ 1791ರಲ್ಲಿ ಮುಗಿದ ಟಿಪ್ಪುವಿನ ಬೇಸಿಗೆ ಅರಮನೆ ಬಹುಪಾಲು ತೇಗದಲ್ಲೇ ಕಟ್ಟಿದ್ದು. ಮಲೆನಾಡಿನ ಮನೆಗಳ ಅಟ್ಟಕ್ಕೂ ಹಲಗೆಯೇ. ಕೆಳಗಿನ ನೆಲಕ್ಕೆ ಮಾತ್ರ ಮರ ಹಾಕುತ್ತಿರಲಿಲ್ಲ. ರೆಡ್ ಆಕ್ಸೈಡ್, ಕಡಪ ಕಲ್ಲು, ಆಮೇಲೆ ಮೊಸಾಯಿಕ್, ಅದಾದ ಮೇಲೆ ಗ್ರಾನೈಟ್. ಜಿಗಣಿ ಕಡೆ ಕಲ್ಲು ಕೊಯ್ಯುವ ಫ್ಯಾಕ್ಟರಿಗಳು ಬೆಳೆದ ಮೇಲಂತೂ ಗ್ರಾನೈಟ್ ನಮ್ಮ ಊರಿನವರಿಗೆ ಕೈಗೆ ಸಿಗುವ ಸಾಮಾನಾಯಿತು. ಇದಕ್ಕೆ ಕಾರಣ ಸರಳ. ನಾವು ನೆಲ ತೊಳೆಯುವ ಜನ. ಹಬ್ಬದ ಹಿಂದಿನ ದಿನ ಬಕೆಟ್‌ಗಟ್ಟಲೆ ನೀರು ಸುರಿದು ಪೊರಕೆಯಲ್ಲಿ ಉಜ್ಜುವ ಮನೆಗೆ, ಅದೂ ಗೆದ್ದಲು ಕಾಟ ಇರುವ ಮಣ್ಣಿನಲ್ಲಿ, ಮರ ಹೊಂದುವುದಿಲ್ಲ.

ಜೊತೆಗೆ ಮರ ದುಬಾರಿಯಾಗುತ್ತಾ ಹೋಯಿತು. 1996ರ ಡಿಸೆಂಬರ್‌ನಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕೇಂದ್ರ ಒಪ್ಪಿದ ಕಾರ್ಯಯೋಜನೆ ಇಲ್ಲದೆ ಕಾಡಿನ ಮರ ಕಡಿಯಬಾರದು ಎಂದಿತು. ಇದು ಕಾಡಿನ ದೃಷ್ಟಿಯಿಂದ ಆಗಲೇಬೇಕಿದ್ದ ಕೆಲಸ. ಆಮೇಲೆ ಮರದ ವ್ಯಾಪಾರ ಹೊರದೇಶದ ದಿಮ್ಮಿಗಳ ಕಡೆ ಇನ್ನಷ್ಟು ವಾಲಿತು. 2014ರ ಏಪ್ರಿಲ್‌ನಲ್ಲಿ ಮ್ಯಾನ್ಮಾರ್ ದಿಮ್ಮಿ ರಫ್ತನ್ನೇ ನಿಲ್ಲಿಸಿದಾಗ ಬರ್ಮಾ ತೇಗ ಸಾಮಾನ್ಯರ ಕೈಗೆ ಇನ್ನೂ ಎಟುಕದಂತಾಯಿತು. ಬಾಗಿಲ ಚೌಕಟ್ಟಿಗೇ ಲೆಕ್ಕ ಹಾಕುವ ಸ್ಥಿತಿಯಲ್ಲಿ ಇಡೀ ಕೋಣೆಯ ನೆಲಕ್ಕೆ ತೇಗ ಯಾರು ಹಾಕಿಸುತ್ತಾರೆ?

ಈ ಜಾಗಕ್ಕೆ ಬಂದದ್ದೇ ಲ್ಯಾಮಿನೇಟ್. ಇದರ ಮೂಲ ಸ್ವೀಡನ್. ಅಲ್ಲಿನ ಪರ್ಸ್ಟಾರ್ಪ್ ಕಂಪನಿ 1977ರಲ್ಲಿ ಇದನ್ನು ರೂಪಿಸಿ ಪರ್ಗೋ ಎಂಬ ಹೆಸರಿನಲ್ಲಿ ಮಾರಿತು. ನಮ್ಮ ಮನೆಗಳ ಬೀರು, ಟೇಬಲ್ ಮೇಲೆ ಅಂಟಿಸುವ ಸನ್‌ಮೈಕ ಇದೆಯಲ್ಲ, ಅದನ್ನೇ ನೆಲಕ್ಕೆ ಇಳಿಸಿದ ಹಾಗೆ. ಒಂದು ತುಂಡನ್ನು ಕೈಯಲ್ಲಿ ಹಿಡಿದು ಕೊಯ್ದ ಅಂಚನ್ನು ನೋಡಿ. ತೀರಾ ಮೇಲೆ ಗಾಜಿನಂತೆ ಕಾಣುವ ತೆಳು ಪದರ, ಅದರಲ್ಲಿ ಅಲ್ಯೂಮಿನಿಯಂ ಆಕ್ಸೈಡ್ ಕಣಗಳು, ಗೀರು ತಡೆಯುವುದು ಅದೇ. ಅದರ ಕೆಳಗೆ ಮರದ ಚಿತ್ರ ಅಚ್ಚಾದ ಕಾಗದ. ಅದರ ಕೆಳಗೆ ಕಂದು ಬಣ್ಣದ ಒತ್ತಿದ ಹಲಗೆ, ಎಂಟೋ ಹನ್ನೆರಡೋ ಮಿಲಿಮೀಟರ್ ದಪ್ಪದಲ್ಲಿ ಬಹುಪಾಲು ಇದೇ. ತೀರಾ ಕೆಳಗೆ ಹಲಗೆ ಸೊಟ್ಟಗಾಗದಂತೆ ಇನ್ನೊಂದು ಕಾಗದ. ಹತ್ತಿಪ್ಪತ್ತು ಹಲಗೆ ಜೋಡಿಸಿ ನೋಡಿದರೆ ಅದೇ ಗಂಟು, ಅದೇ ಗೆರೆ ಮತ್ತೆ ಮತ್ತೆ ಕಾಣಿಸುತ್ತದೆ. ನಿಜವಾದ ಮರದಲ್ಲಿ ಹಾಗಾಗುವುದಿಲ್ಲ.

ಆದರೂ ಮಾರುಕಟ್ಟೆಯನ್ನು ಬದಲಿಸಿದ್ದು ಈ ಚಿತ್ರ ಅಲ್ಲ, ಹಲಗೆಯ ಅಂಚು. ಮೊದಲು ಹಲಗೆಗಳನ್ನು ಗೋಂದು ಹಚ್ಚಿ ಜೋಡಿಸಬೇಕಿತ್ತು. 1996-97ರ ಹೊತ್ತಿಗೆ ಸ್ವೀಡನ್ನಿನ ವೆಲಿಂಗೆ ಮತ್ತು ಬೆಲ್ಜಿಯಂನ ಯೂನಿಲಿನ್, ಗೋಂದಿಲ್ಲದೆ ಒಂದಕ್ಕೊಂದು ಸಿಕ್ಕಿಸುವ ಕ್ಲಿಕ್ ಲಾಕ್ ತಂದವು. ಕೆಲಸ ಬೇಗ, ಖರ್ಚು ಕಡಿಮೆ. ಅಲ್ಲಿಂದ ಪೇಟೆಂಟ್ ಜಗಳ ಶುರು. ಅಮೆರಿಕದ ವ್ಯಾಪಾರ ಆಯೋಗ 2007ರಲ್ಲಿ, ಯೂನಿಲಿನ್‌ನ ಲಾಕ್ ಪೇಟೆಂಟ್ ಮುರಿಯುವ ಹಲಗೆ ಯಾರದ್ದಾದರೂ ಸರಿ, ದೇಶದೊಳಗೆ ಬರಕೂಡದು ಎಂದು ಆದೇಶಿಸಿತು. ಆ ಮೊಕದ್ದಮೆಯಲ್ಲಿ ಚೀನಾದ ಹಲವು ಕಂಪನಿಗಳಿದ್ದವು. ಅಂದರೆ ಹಲಗೆ ಯಾರೇ ಮಾಡಲಿ, ಅಂಚಿನ ಆಕಾರಕ್ಕೆ ಯುರೋಪಿನವರಿಗೆ ಲೈಸೆನ್ಸ್ ಹಣ ಹೋಗಬೇಕಿತ್ತು. ಇನ್ನೊಂದು ಕಡೆ ಚೀನಾದ ಚಾಂಗ್‌ಝೌ ಸುತ್ತಮುತ್ತ ಲ್ಯಾಮಿನೇಟ್ ಫ್ಯಾಕ್ಟರಿಗಳು ಸಾಲುಸಾಲಾಗಿ ಎದ್ದು ಬೆಲೆಯನ್ನು ಕೆಳಗೆ ಎಳೆದವು.

ಬೆಂಗಳೂರಿನಲ್ಲಿ ಐಟಿ ಕಚೇರಿಗಳೂ ಅಪಾರ್ಟ್‌ಮೆಂಟುಗಳೂ ಏಳುತ್ತಿದ್ದ ಹೊತ್ತಿಗೆ ಸರಿಯಾಗಿ ಈ ಅಗ್ಗದ ಹಲಗೆ ಬಂತು. ಬಿಲ್ಡರ್‌ಗಳ ಬ್ರೋಷರ್‌ನಲ್ಲಿ ಮಾಸ್ಟರ್ ಬೆಡ್‌ರೂಮಿಗೆ ವುಡನ್ ಫ್ಲೋರಿಂಗ್ ಅನ್ನುವ ಸಾಲು ಮಾಮೂಲಿಯಾಯಿತು. ಹಳೆ ಟೈಲ್ ಕೀಳಬೇಕಿಲ್ಲ, ಅದರ ಮೇಲೇ ಫೋಮ್ ಹಾಸಿ ಕೂರಿಸಿದರೆ ಆಯಿತು, ಒಂದು ಕೋಣೆ ಒಂದೇ ದಿನದಲ್ಲಿ ಮುಗಿಯುತ್ತದೆ.

ಮುಗಿಯುತ್ತದೆ ನಿಜ, ಆದರೆ ನೀರಿನ ಅಭ್ಯಾಸ ಮುಗಿಯಲಿಲ್ಲವಲ್ಲ! ಒದ್ದೆ ಮಾಪ್‌ನಲ್ಲಿ ದಿನಾ ಒರೆಸುವುದು, ಬಾಲ್ಕನಿಯಿಂದ ಮಳೆ ಇರಚಲು, ಬಾತ್‌ರೂಮಿನ ಬಾಗಿಲ ಬುಡದಲ್ಲಿ ಸೋರುವ ನೀರು. ಕೀಲಿನ ಸಂದಿಗೆ ನೀರು ಇಳಿದರೆ ಒಳಗಿನ ನಾರು ಉಬ್ಬಿ ಅಂಚು ಮೇಲೇಳುತ್ತದೆ. ಒಣಗಿದ ಮೇಲೂ ಅದು ಮೊದಲಿನಂತೆ ಕೂರುವುದಿಲ್ಲ. ಗೋಡೆ ಪಕ್ಕ ಎಂಟು-ಹತ್ತು ಮಿಲಿಮೀಟರ್ ಸಂದಿ ಬಿಡದೆ ಕೂರಿಸಿದರೆ ಮಳೆಗಾಲದಲ್ಲಿ ಇಡೀ ನೆಲವೇ ನಡುವೆ ಎದ್ದು ನಿಲ್ಲಬಹುದು. ಆ ಸಂದಿ ಸ್ಕರ್ಟಿಂಗ್ ಒಳಗೆ ಮುಚ್ಚಿಹೋಗುವುದರಿಂದ ಬಿಟ್ಟಿದ್ದಾರೋ ಇಲ್ಲವೋ ಮನೆಯವರಿಗೆ ಗೊತ್ತಾಗುವುದೇ ಇಲ್ಲ.

ಈ ದೌರ್ಬಲ್ಯವನ್ನು ಟೈಲ್ ಉದ್ಯಮ ಚೆನ್ನಾಗಿ ಬಳಸಿಕೊಂಡಿತು. 2000ದ ದಶಕದ ಶುರುವಿನಲ್ಲಿ ಚೀನಾದ ವಿಟ್ರಿಫೈಡ್ ಟೈಲ್ ಮೇಲೆ ಭಾರತ ಆ್ಯಂಟಿ-ಡಂಪಿಂಗ್ ಸುಂಕ ಹಾಕಿತು, ಅಂದರೆ ತೀರಾ ಅಗ್ಗಕ್ಕೆ ಬಂದು ಬೀಳುವ ಆಮದನ್ನು ತಡೆಯುವ ಸುಂಕ. ಟೈಲ್ ಫ್ಯಾಕ್ಟರಿಗಳ ಊರಾದ ಗುಜರಾತಿನ ಮೋರ್ಬಿ ದೊಡ್ಡದಾಗಿ ಬೆಳೆಯಿತು. ಡಿಜಿಟಲ್ ಪ್ರಿಂಟಿಂಗ್ ಬಂದ ಮೇಲೆ ಉದ್ದುದ್ದದ ಹಲಗೆ ಆಕಾರದ, ಮರದ ಗೆರೆ ಇರುವ ಟೈಲ್ ಬಂತು. ತೊಳೆಯಬಹುದು, ಗೆದ್ದಲಿಲ್ಲ. ಬೆಂಗಳೂರಿನಲ್ಲಿ ಮರದ ನೆಲದ ನಿಜವಾದ ಎದುರಾಳಿ ಇನ್ನೊಂದು ಮರದ ಕಂಪನಿ ಅಲ್ಲ, ಈ ಟೈಲ್ ಅಂತಲೇ ನನ್ನ ಅಭಿಪ್ರಾಯ. ಎಸ್‌ಪಿಸಿ ಕೂಡ ಅದೇ ಪ್ರಶ್ನೆಗೆ ಫ್ಲೋರಿಂಗ್‌ನವರು ಕೊಟ್ಟ ಉತ್ತರ: ಹಲಗೆ ನೀರಿಗೆ ಉಬ್ಬುವುದಿಲ್ಲ, ಕ್ಲಿಕ್ ಲಾಕ್ ಇದೆ, ದಪ್ಪ ನಾಲ್ಕರಿಂದ ಆರು ಮಿಲಿಮೀಟರ್ ಸಾಕು.

ಬೆಲೆಯ ಪೈಪೋಟಿಗೆ ಇನ್ನೊಂದು ಮುಖವೂ ಇದೆ. 2015ರ ಮಾರ್ಚ್‌ನಲ್ಲಿ ಅಮೆರಿಕದ ಒಂದು ಟಿವಿ ಕಾರ್ಯಕ್ರಮ, ಲಂಬರ್ ಲಿಕ್ವಿಡೇಟರ್ಸ್ ಎಂಬ ಅಲ್ಲಿನ ಫ್ಲೋರಿಂಗ್ ಕಂಪನಿ ಮಾರುತ್ತಿದ್ದ ಚೀನಾದ ಲ್ಯಾಮಿನೇಟ್‌ನಿಂದ ಮಿತಿ ಮೀರಿ ಫಾರ್ಮಾಲ್ಡಿಹೈಡ್ ಹೊರಬರುತ್ತಿದೆ ಎಂದು ತೋರಿಸಿತು. ಹಲಗೆ ಒತ್ತುವ ಅಂಟಿನಿಂದ ಬರುವ, ಆರೋಗ್ಯಕ್ಕೆ ಕೆಟ್ಟ ಅನಿಲ ಅದು. ಅಕ್ರಮವಾಗಿ ಕಡಿದ ಮರ ತರಿಸಿದ ಬೇರೊಂದು ಪ್ರಕರಣದಲ್ಲಿ ಅದೇ ಕಂಪನಿ 2016ರಲ್ಲಿ 1.3 ಕೋಟಿ ಡಾಲರ್‌ಗೂ ಹೆಚ್ಚು ಕಟ್ಟಬೇಕಾಯಿತು. ನಾವು ಮಲಗುವ ಕೋಣೆಗೇ, ಅದರಲ್ಲೂ ಎಸಿ ಹಾಕಿ ಕಿಟಕಿ ಮುಚ್ಚುವ ಕೋಣೆಗೇ ಇದನ್ನು ಹಾಕಿಸುವುದು, ಅಲ್ವಾ? ಇ1 ದರ್ಜೆ, ಅಂದರೆ ಈ ಅನಿಲ ಮಿತಿಯೊಳಗಿದೆ ಅನ್ನುವ ದರ್ಜೆ, ಇದೆಯಾ ಅಂತ ಕೇಳುವುದು ಅತಿಯಾಯಿತು ಅಂತ ಯಾರೂ ಅಂದುಕೊಳ್ಳಬಾರದು.

ನಿಜವಾದ ಮರವೇ ಬೇಕು ಅನ್ನುವವರಿಗೆ ನಾನು ಹೇಳುವುದು ಎಂಜಿನಿಯರ್ಡ್ ವುಡ್. ಅಡ್ಡಡ್ಡ ಪದರಗಳಿರುವುದರಿಂದ ನಮ್ಮ ಮಾರ್ಚ್‌ನ ಒಣ ಗಾಳಿಗೂ ಜುಲೈನ ತೇವಕ್ಕೂ ಅದು ಪೂರ್ತಿ ಮರದಷ್ಟು ಹಿಗ್ಗಿ ಕುಗ್ಗುವುದಿಲ್ಲ. ಈಗ ನಮ್ಮ ದೇಶದಲ್ಲೂ ತಯಾರಾಗುತ್ತದೆ. ಗ್ರೀನ್‌ಲ್ಯಾಮ್ ರಾಜಸ್ಥಾನದ ಬೆಹರೋರ್‌ನಲ್ಲಿ ಮಿಕಾಸಾ ಹೆಸರಿನಲ್ಲಿ ಮಾಡುತ್ತದೆ. ಮೇಲಿನ ಮರದ ಪದರ ಎಷ್ಟು ಮಿಲಿಮೀಟರ್ ಅಂತ ಕೇಳಿ. ಅದು ದಪ್ಪ ಇದ್ದರೆ ಮುಂದೆ ಉಜ್ಜಿ ಪಾಲಿಶ್ ಮಾಡಿಸಬಹುದು, ಕಾಗದದಷ್ಟು ತೆಳುವಾದರೆ ಆಗುವುದಿಲ್ಲ. ಲ್ಯಾಮಿನೇಟ್ ಆದರೆ ಎಸಿ ದರ್ಜೆ ನೋಡಿ, ಇದು ತಂಪು ಗಾಳಿಯ ಎಸಿ ಅಲ್ಲ, ಹಲಗೆ ಎಷ್ಟು ಸವೆತ ತಡೆಯುತ್ತದೆ ಅನ್ನುವ ಅಳತೆ. ಎಸಿ3 ಹಲಗೆ ಉಜ್ಜುವ ಪರೀಕ್ಷೆಯಲ್ಲಿ 2,000 ಸುತ್ತು ತಡೆಯಬೇಕು, ಎಸಿ4 ಆದರೆ 4,000.

ಬಿಲ್‌ನಲ್ಲಿ ಸುಮ್ನೆ ವುಡನ್ ಫ್ಲೋರಿಂಗ್ ಅಂತ ಬರೆದರೆ ಒಪ್ಪಬೇಡಿ. ಯಾವ ಬಗೆ, ಎಷ್ಟು ದಪ್ಪ, ಯಾವ ದರ್ಜೆ, ಯಾವ ದೇಶದ್ದು, ಎಲ್ಲ ಬರೆಸಿಕೊಳ್ಳಿ. ಫಿಟ್ಟಿಂಗ್ ಮಾಡುವವರು ಅಂಗಡಿಯ ಕಡೆಯವರಾ ಹೊರಗಿನವರಾ ಅನ್ನುವುದನ್ನೂ ಮೊದಲೇ ಕೇಳಿ. ಯಾಕೆಂದರೆ ನೆಲ ಉಬ್ಬಿದ ದಿನ ಸಾಮಾನು ಮಾರಿದವರು ಫಿಟ್ಟಿಂಗ್ ಸರಿಯಿಲ್ಲ ಅನ್ನುತ್ತಾರೆ, ಫಿಟ್ಟಿಂಗ್ ಮಾಡಿದವರು ಸಾಮಾನು ಸರಿಯಿಲ್ಲ ಅನ್ನುತ್ತಾರೆ, ಇಬ್ಬರೂ ಸೇರಿ ನೀವು ನೀರು ಜಾಸ್ತಿ ಹಾಕಿದ್ದೀರಿ ಅನ್ನುತ್ತಾರೆ.