ಶುಗರ್ ಫ್ರೀ ಮಾತ್ರೆಯಿಂದ ಕ್ಯಾನ್ಸರ್ ಬರುತ್ತಾ?

ಪ್ರಶ್ನೆ: ನನಗೆ ಶುಗರ್ ಬಂದು ನಾಲ್ಕು ವರ್ಷ. ಕಾಫಿಗೆ ಶುಗರ್ ಫ್ರೀ ಮಾತ್ರೆ ಹಾಕಿಕೊಳ್ಳುತ್ತಿದ್ದೆ. ಅದರಿಂದ ಕ್ಯಾನ್ಸರ್ ಬರುತ್ತದೆ ಅಂತ ವಾಟ್ಸಾಪ್‌ನಲ್ಲಿ ಓದಿ ಮಗಳು ಡಬ್ಬಿಯನ್ನೇ ಎಸೆದುಬಿಟ್ಟಳು. ಈಗ ಬೆಲ್ಲ ಹಾಕಿಕೊಳ್ಳುತ್ತಿದ್ದೇನೆ. ಮಾತ್ರೆ ನಿಜವಾಗಲೂ ಅಷ್ಟು ಕೆಟ್ಟದ್ದಾ?

ಉತ್ತರ: ಇಲ್ಲ. ಹೊಸ ಡಬ್ಬಿ ತಂದುಕೊಳ್ಳಿ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ತಪ್ಪಿದೆ. ಆದರೂ ತಿಂಗಳಿಗೊಮ್ಮೆ ಅದೇ ಫಾರ್ವರ್ಡ್ ಬೇರೆ ಬಣ್ಣದ ಅಕ್ಷರದಲ್ಲಿ ವಾಪಸ್ ಬರುತ್ತದೆ, ಹಾಗಾಗಿ ಈ ಸಲ ಪೂರ್ತಿ ಹೇಳಿಬಿಡುತ್ತೇನೆ.

ಸುದ್ದಿಯ ಮೂಲ 2023ರ ಜುಲೈನದ್ದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ, ಇಂಥ ಕೆಲವು ಮಾತ್ರೆಗಳಿಗೆ ಸಿಹಿ ಕೊಡುವ ಆಸ್ಪರ್ಟೇಮ್ ಅನ್ನು '2ಬಿ' ಗುಂಪಿಗೆ ಸೇರಿಸಿತು. ಅಂದರೆ 'ಕ್ಯಾನ್ಸರ್ ತರಬಹುದೇನೋ, ಸಾಕ್ಷಿ ಗಟ್ಟಿಯಿಲ್ಲ' ಅಂತ. ಅದೇ ದಿನ ಅದೇ ಸಂಸ್ಥೆಯ ಇನ್ನೊಂದು ಸಮಿತಿ, ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 40 ಮಿಲಿಗ್ರಾಂ ಅನ್ನೋ ಹಳೆಯ ಮಿತಿಯನ್ನು ಬದಲಿಸಲು ಕಾರಣವೇ ಇಲ್ಲ ಅಂದಿತು. ಫಾರ್ವರ್ಡ್ ಮಾಡಿದ ಪುಣ್ಯಾತ್ಮರು ಎರಡನೆಯದನ್ನು ಕತ್ತರಿಸಿ ಮೊದಲನೆಯದನ್ನು ಮಾತ್ರ ಕಳಿಸಿದರು. ಲೆಕ್ಕ ಹಾಕಿ ನೋಡಿ. ನಿಮ್ಮ ತೂಕ 60 ಕಿಲೋ ಆದರೆ ಮಿತಿ 2,400 ಮಿಲಿಗ್ರಾಂ. ಒಂದು ಮಾತ್ರೆಯಲ್ಲಿ 20 ಮಿಲಿಗ್ರಾಂ ಅಂತಲೇ ಇಟ್ಟುಕೊಳ್ಳಿ, ದಿನಕ್ಕೆ 120 ಮಾತ್ರೆ ಆಯಿತು. ನೀವು ಮೂರು ಹಾಕಿಕೊಳ್ಳುತ್ತೀರೋ, ನಾಲ್ಕೋ?

ಈ ಗುಂಪುಗಳ ವಿಷಯವನ್ನು ಜನ ಉಲ್ಟಾ ತಿಳಿದುಕೊಂಡಿದ್ದಾರೆ. ಬಾವಿಯಲ್ಲಿ ಹಾವಿದೆ ಅನ್ನೋದಕ್ಕೆ ಸಾಕ್ಷಿ ಎಷ್ಟು ಗಟ್ಟಿ ಅಂತ ಮಾತ್ರ ಆ ಪಟ್ಟಿ ಹೇಳುತ್ತದೆ. ಹಾವು ಎಷ್ಟು ವಿಷದ್ದು, ನೀವು ಬಾವಿಗೆ ಎಷ್ಟು ಸಲ ಇಳಿಯುತ್ತೀರಿ, ಅದೆಲ್ಲ ಆ ಪಟ್ಟಿಯ ಕೆಲಸವಲ್ಲ. ಅದೇ 2ಬಿ ಗುಂಪಿನಲ್ಲಿ ಇನ್ನೇನಿದೆ ಗೊತ್ತಾ? ಲೋಳೆಸರದ ಇಡೀ ಎಲೆಯಿಂದ ತೆಗೆದ ಸಾರ. ಶುಗರ್‌ಗೆ ಒಳ್ಳೆಯದು ಅಂತ ಬೆಳಗ್ಗೆ ಎದ್ದು ಲೋಳೆಸರದ ರಸ ಕುಡಿದು, ಆಮೇಲೆ ಮಾತ್ರೆಗೆ ಹೆದರುವವರನ್ನು ನಾನೇ ನೋಡಿದ್ದೇನೆ. ಒಂದು ಮೆಟ್ಟಿಲು ಮೇಲಿನ 2ಎ ಗುಂಪಿನಲ್ಲಿ 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳಿವೆ. ಅಂದರೆ ಮಾತ್ರೆಗಿಂತ, ಅದನ್ನು ಹಾಕಿಕೊಂಡ ಕಾಫಿಯನ್ನು ಸುಡುಸುಡು ಕುಡಿಯುವುದರ ಮೇಲೇ ಅನುಮಾನ ಜಾಸ್ತಿ. ಇನ್ನು ಎಲ್ಲಕ್ಕಿಂತ ಮೇಲೆ, ಕ್ಯಾನ್ಸರ್ ತರುತ್ತದೆ ಅಂತ ಖಚಿತವಾದ ಒಂದನೇ ಗುಂಪಿನಲ್ಲಿ ಯಾರಿದ್ದಾರೆ ನೋಡಿ: ಅಡಿಕೆ. ತಂಬಾಕು ಹಾಕದಿದ್ದರೂ ಅಡಿಕೆಗೆ ಆ ಗುಂಪೇ. ಊಟವಾದ ಮೇಲೆ ಎಲೆಅಡಿಕೆ ಜಗಿಯುತ್ತಾ ಆಸ್ಪರ್ಟೇಮ್ ಬಗ್ಗೆ ಭಾಷಣ ಮಾಡುವ ಮಾವಂದಿರಿಗೆ ಇದನ್ನು ಹೇಳಲು ಹೋಗಬೇಡಿ, ನಾನು ಹೇಳಿ ಬೈಸಿಕೊಂಡಿದ್ದೇನೆ.

ಈ ಭಯಕ್ಕೆ ಇನ್ನೂ ಹಳೆಯ ಬೇರಿದೆ, ಸ್ಯಾಕರಿನ್ ಅನ್ನೋ ಇನ್ನೊಂದು ಕೃತಕ ಸಿಹಿ. 1970ರ ದಶಕದಲ್ಲಿ ಇಲಿಗಳಿಗೆ ಆಹಾರದಲ್ಲಿ ನೂರಕ್ಕೆ ಐದು ಪಾಲಿನಷ್ಟು ಸ್ಯಾಕರಿನ್ ಬೆರೆಸಿ ತಿನ್ನಿಸಿದಾಗ ಗಂಡಿಲಿಗಳ ಮೂತ್ರಕೋಶದಲ್ಲಿ ಗೆಡ್ಡೆಗಳಾದವು. ಅಮೆರಿಕದಲ್ಲಿ 1977ರಿಂದ ಪೊಟ್ಟಣದ ಮೇಲೆ ಎಚ್ಚರಿಕೆ ಅಚ್ಚಾಯಿತು. ಆಮೇಲೆ ತಿಳಿದದ್ದೇನೆಂದರೆ, ಇಲಿಯ ಮೂತ್ರದ ಗುಣವೇ ಬೇರೆ, ಅದರಲ್ಲಿ ಸಣ್ಣ ಹರಳುಗಳು ಕಟ್ಟಿಕೊಂಡು ಮೂತ್ರಕೋಶದ ಒಳಗೋಡೆಯನ್ನು ಕೆರೆಯುತ್ತಿದ್ದವು, ಮನುಷ್ಯರಲ್ಲಿ ಹಾಗಾಗುವುದಿಲ್ಲ. 2000ದಲ್ಲಿ ಆ ಎಚ್ಚರಿಕೆಯನ್ನು ತೆಗೆದುಹಾಕಿದರು. ಎಚ್ಚರಿಕೆ ಹೋದ ಸುದ್ದಿ ಮಾತ್ರ ಯಾವ ಗ್ರೂಪಿಗೂ ತಲುಪಿಲ್ಲ.

ಹಾಗಂತ ಮಾತ್ರೆ ಅಮೃತವೂ ಅಲ್ಲ. ತೂಕ ಇಳಿಸಲು ಇವುಗಳನ್ನು ನಂಬಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2023ರ ಮೇನಲ್ಲಿ ಹೇಳಿದೆ, ಆದರೆ ಆ ಸಲಹೆ ಈಗಾಗಲೇ ಶುಗರ್ ಇರುವವರಿಗಲ್ಲ ಅಂತಲೂ ಅಲ್ಲೇ ಬರೆದಿದೆ. ಫೀನೈಲ್‌ಕೀಟೋನ್ಯೂರಿಯಾ ಅನ್ನೋ ಅಪರೂಪದ ಹುಟ್ಟುಕಾಯಿಲೆ ಇರುವವರು ಆಸ್ಪರ್ಟೇಮ್ ಮುಟ್ಟಬಾರದು.

ನನಗೆ ಚಿಂತೆ ಇರುವುದು ನೀವು ಸುಮ್ನೆ ಹೇಳಿ ಮುಗಿಸಿದ ಆ ಬೆಲ್ಲದ ಬಗ್ಗೆ. ಆಲೆಮನೆ ನೋಡಿದ್ದೀರಲ್ವಾ? ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಕುದಿದು, ನೀರೆಲ್ಲ ಆರಿ, ಪಾಕ ಗಟ್ಟಿಯಾಗಿ ಅಚ್ಚಿಗೆ ಬೀಳುತ್ತದೆ. ಆ ಅಚ್ಚಿನಲ್ಲಿ ಉಳಿಯುವುದು ಬಹುಪಾಲು ಸಕ್ಕರೆಯೇ. ಜೊತೆಗೆ ಚೂರು ಕಬ್ಬಿಣ, ಚೂರು ಪೊಟ್ಯಾಸಿಯಂ, ಒಳ್ಳೆಯ ಘಮ. ಬಣ್ಣ ಕಂದು ಅಂತ ನಿಮ್ಮ ರಕ್ತಕ್ಕೆ ಗೊತ್ತಾಗುವುದಿಲ್ಲ. ಬೆಲ್ಲ ಶುರುಮಾಡಿದ ಮೇಲೆ ಊಟವಾಗಿ ಎರಡು ಗಂಟೆಗೆ ಶುಗರ್ ನೋಡಿಕೊಂಡಿದ್ದೀರಾ? ಇಲ್ಲದಿದ್ದರೆ ಈ ವಾರವೇ ನೋಡಿ.

ಹೇಗೂ ಮುಂದಿನ ಕಾಗದದಲ್ಲಿ ಕೇಳುತ್ತೀರಿ, ಪಾಯಸಕ್ಕೂ ಹಾಕಬಹುದಾ ಅಂತ. ಡಬ್ಬಿ ತಿರುಗಿಸಿ ಹಿಂದೆ ಓದಿ. ಆಸ್ಪರ್ಟೇಮ್ ಅಂತಿದ್ದರೆ ಒಲೆಯಿಂದ ಇಳಿಸಿದ ಮೇಲೆ ಹಾಕಿ, ಕುದಿಸಿದರೆ ಸಿಹಿ ಹೋಗಿಬಿಡುತ್ತದೆ. ಸುಕ್ರಲೋಸ್ ಅನ್ನೋ ಬೇರೆ ಕೃತಕ ಸಿಹಿ ಇದ್ದರೆ ಕುದಿಯುವಾಗಲೇ ಹಾಕಬಹುದು. ಶಾವಿಗೆಯೂ ಹಾಲೂ ಶುಗರ್ ಏರಿಸುತ್ತವೆ, ಹಾಗಾಗಿ ಒಂದೇ ಬಟ್ಟಲು.