ಓದುಗರ ಪ್ರಶ್ನೆ: ಯಾರೂ ಮುಟ್ಟದ ಪುಸ್ತಕಗಳನ್ನು ತೆಗೆದು ಕೂರಲು ಜಾಗ ಮಾಡಬಾರದೇಕೆ?

ಪ್ರಶ್ನೆ: ಮಧುಗಿರಿ ಕಡೆಯಿಂದ ದಿನವೂ ಬಸ್ಸಿನಲ್ಲಿ ತುಮಕೂರಿಗೆ ಬಂದು ಎಂ.ಎ. ಓದುತ್ತಿದ್ದೇನೆ. ಹತ್ತು ಗಂಟೆ ದಾಟಿದರೆ ಗ್ರಂಥಾಲಯದಲ್ಲಿ ಕುರ್ಚಿ ಸಿಗುವುದಿಲ್ಲ. ಹಳೆಯ ಪುಸ್ತಕಗಳು ಮಾತ್ರ ಸಾಲುಸಾಲು ಕಪಾಟುಗಳನ್ನು ತುಂಬಿಕೊಂಡಿವೆ. ಅವನ್ನು ತೆಗೆಯಬಾರದೇಕೆ?

ಉತ್ತರ: ನಿಮ್ಮ ಕೋರಿಕೆ ನ್ಯಾಯವಾದದ್ದು. ಪುಸ್ತಕ ಎರವಲು ಪಡೆದು ಮನೆಗೋ ಹಾಸ್ಟೆಲ್ಲಿಗೋ ಹೋಗುವವರ ಜೊತೆಗೆ, ತಮ್ಮದೇ ಪುಸ್ತಕ ತಂದು ಕೆಎಎಸ್, ಎಫ್‌ಡಿಎ, ಕೆ-ಸೆಟ್ ಪರೀಕ್ಷೆಗಳಿಗೆ ಇಡೀ ದಿನ ಕೂತು ಓದುವವರೂ ಈಗ ಬರುತ್ತಾರೆ. ಕೊನೆಯ ಬಸ್ಸಿನ ಹೊತ್ತು ನೋಡಿಕೊಂಡು ಓದುವವರಿಗೆ ಕುರ್ಚಿ, ಬೆಳಕು, ಲ್ಯಾಪ್‌ಟಾಪಿಗೊಂದು ಪ್ಲಗ್ಗು ಪುಸ್ತಕದಷ್ಟೇ ಅಗತ್ಯ.

ಆದರೆ ಪುಸ್ತಕ ತೆಗೆಯುವುದು ಗ್ರಂಥಪಾಲಕರೊಬ್ಬರ ಕೈಯಲ್ಲಿಲ್ಲ. ಪುಸ್ತಕದ ಒಂದೊಂದು ಪ್ರತಿಗೂ ಅಕ್ಸೆಷನ್ ನಂಬರ್, ಅಂದರೆ ಗ್ರಂಥಾಲಯದ ದಾಖಲೆ ಸಂಖ್ಯೆ, ಇರುತ್ತದೆ, ಅದು ಸಾರ್ವಜನಿಕ ಆಸ್ತಿ, ಆಡಿಟ್ಟಿನಲ್ಲಿ ಲೆಕ್ಕಕ್ಕೆ ಬರುವಂಥದ್ದು. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ವರ್ಷದಲ್ಲಿ ಬಳಕೆಯಾದ ಸಾವಿರ ಪುಸ್ತಕಗಳಿಗೆ ಐದರಷ್ಟು ಕಳೆದರೆ ಅದನ್ನು ಸಹಜ ನಷ್ಟವೆಂದು ಒಪ್ಪುತ್ತವೆ. ಆದರೂ ಲೆಕ್ಕ ಕೊಡಬೇಕಾದ ಭಯದಲ್ಲಿ ಹರಿದ ಪುಸ್ತಕವನ್ನೂ ಕಪಾಟಿನಲ್ಲೇ ಉಳಿಸಿಕೊಳ್ಳುವವರಿದ್ದಾರೆ. ವಿಷಯವಾರು ಪಟ್ಟಿ, ಅಧ್ಯಾಪಕರ ಅಭಿಪ್ರಾಯ, ಸಮಿತಿಯ ಒಪ್ಪಿಗೆ ಇವೆಲ್ಲ ಆದ ಮೇಲೆಯೇ ಪುಸ್ತಕವನ್ನು ದಾಖಲೆಯಿಂದ ಕೈಬಿಡಬಹುದು.

ಮೊದಲು ಹೊರಹೋಗಬೇಕಾದದ್ದು, ನನ್ನ ದೃಷ್ಟಿಯಲ್ಲಿ, ಒಂದೇ ಪಠ್ಯಪುಸ್ತಕದ ಹತ್ತಾರು ಪ್ರತಿಗಳು. ಕರ್ನಾಟಕದಲ್ಲಿ 2021-22ರಲ್ಲಿ ಹೊಸ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು, 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು. ಇಂಥ ಪ್ರತಿ ಬದಲಾವಣೆಯೂ ಕಪಾಟಿನಲ್ಲಿ ಒಂದಷ್ಟು ಪ್ರತಿಗಳನ್ನು ನಿರುಪಯೋಗಿಯಾಗಿಸುತ್ತದೆ. ಎರಡು ಪ್ರತಿ ಉಳಿಸಿ ಮಿಕ್ಕವನ್ನು ತೆಗೆದರೆ ಯಾರಿಗೂ ನಷ್ಟವಿಲ್ಲ.

ಒಂದೇ ಒಂದು ಪ್ರತಿಯಿರುವ ಪುಸ್ತಕದ ಮಾತು ಬೇರೆ. ಶಾಸನಗಳ ಸಂಗ್ರಹಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕಾದ 12ನೇ ಸಂಪುಟದಲ್ಲಿ ತುಮಕೂರು ಜಿಲ್ಲೆಯ ಶಾಸನಗಳಿವೆ, 10ನೆಯದರಲ್ಲಿ ಕೋಲಾರದವು. ಚಿಕ್ಕಬಳ್ಳಾಪುರ 2007ರವರೆಗೆ ಕೋಲಾರ ಜಿಲ್ಲೆಯಲ್ಲೇ ಇದ್ದುದರಿಂದ ಅಲ್ಲಿನ ಶಾಸನಗಳನ್ನೂ 10ನೆಯದರಲ್ಲೇ ಹುಡುಕಬೇಕು. ಇಂಥ ಸಂಪುಟವನ್ನು ಐದು ವರ್ಷದಲ್ಲಿ ಒಬ್ಬರೇ ತೆರೆಯಬಹುದು, ಆದರೆ ತಮ್ಮ ಊರಿನ ಕಲ್ಲಿನ ಬರಹ ಹುಡುಕಿಕೊಂಡು ಬಂದ ಆ ಒಬ್ಬರಿಗೆ ಅದಕ್ಕೆ ಬದಲಿಯಿಲ್ಲ. ಎಷ್ಟು ಸಲ ಎರವಲು ಹೋಯಿತು ಎಂಬ ಒಂದೇ ಅಳತೆಗೋಲಿನಿಂದ ಇದನ್ನು ಹೊರಹಾಕುವುದನ್ನು ನಾನಂತೂ ಒಪ್ಪಲಾರೆ.

ಕಪಾಟಿನಲ್ಲಿ ಅಲ್ಲಲ್ಲಿ ಖಾಲಿ ಜಾಗ ಕಂಡಿದ್ದರೆ ಅದೂ ಸಕಾರಣವೇ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814. ಹೊಸ ಕವನ ಸಂಕಲನ ಬಂದಾಗ ಅದು ಸಾಲಿನ ಕೊನೆಗಲ್ಲ, ಆ ಸಂಖ್ಯೆಗಳ ನಡುವೆ ಸೇರಬೇಕು. ಕಿಕ್ಕಿರಿದ ಸಾಲಿಗೆ ಒಂದು ಪುಸ್ತಕ ತೂರಿಸಲು ಮುಂದಿನ ನೂರಾರನ್ನು ಸರಿಸಬೇಕಾಗುತ್ತದೆ. ಹಳಿಯ ಮೇಲೆ ಸರಿದು ಒಂದಕ್ಕೊಂದು ಅಂಟಿ ನಿಲ್ಲುವ ಕಪಾಟುಗಳು ನಡುವಿನ ಓಣಿಗಳ ಜಾಗವನ್ನು ಉಳಿಸುತ್ತವೆ, ಆದರೆ ಅಷ್ಟು ಭಾರವನ್ನು ಹಳೆಯ ಕಟ್ಟಡದ ಮೇಲಂತಸ್ತು ತಡೆಯದಿರಬಹುದು.

ನಿಯತಕಾಲಿಕಗಳ ಹೊರೆ ಇಳಿಸುವುದು ಇದಕ್ಕಿಂತ ಸುಲಭ. ಪಿಎಚ್‌.ಡಿ. ಪ್ರಬಂಧಗಳು ಶೋಧಗಂಗಾ ಎಂಬ ಆನ್‌ಲೈನ್ ಭಂಡಾರದಲ್ಲಿ ಸಿಗುತ್ತವೆ. 2025ರಲ್ಲಿ ಆರಂಭವಾದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆಯಡಿ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಸುಮಾರು 13,000 ನಿಯತಕಾಲಿಕಗಳು ಆನ್‌ಲೈನಿನಲ್ಲಿ ದೊರೆಯುತ್ತವೆ. ಅಲ್ಲಿ ಸಿಗುವ ಹಳೆಯ ಸಂಚಿಕೆಗಳ ದಪ್ಪ ಬೈಂಡುಗಳನ್ನು ಉಗ್ರಾಣಕ್ಕೆ ಸಾಗಿಸಿದರೆ ಆ ಕೋಣೆಯಲ್ಲಿ ಮೇಜು ಹಾಕಬಹುದು.

ನೀವೂ ಎರಡು ಕೆಲಸ ಮಾಡಬಹುದು. ಕುರ್ಚಿ ಸಿಗದ ದಿನ ಮತ್ತು ಹೊತ್ತನ್ನು ಬರೆದು, ನಾಲ್ಕಾರು ಸಹಪಾಠಿಗಳ ಸಹಿಯೊಂದಿಗೆ ಗ್ರಂಥಪಾಲಕರಿಗೆ ಕೊಡಿ. ಸಮಿತಿಯ ಮುಂದೆ ಜಾಗ ಕೇಳಲು ಅವರಿಗೆ ಅದು ಆಧಾರವಾಗುತ್ತದೆ. ಅಲ್ಲೇ ಕೂತು ಓದಿದ ಪುಸ್ತಕವನ್ನು ನೀವೇ ಕಪಾಟಿಗೆ ಮರಳಿಸದೆ ಮೇಜಿನ ಮೇಲೆ ಬಿಡಿ. ಸಂಜೆ ಸಿಬ್ಬಂದಿ ಅದನ್ನು ಎತ್ತಿಡುವಾಗ ಲೆಕ್ಕ ಬರೆದುಕೊಂಡರೆ, ಎರವಲಿನ ದಾಖಲೆಯಲ್ಲಿ ಕಾಣದ ನಿಮ್ಮ ಓದು ಆ ಪುಸ್ತಕದ ಹೆಸರಿನ ಮುಂದೆ ಸೇರುತ್ತದೆ.